ಸಕ್ರೆಬೈಲಿಗೆ ಹೋದಾಗ ಆನೆಯ ಕಾಲು ನೋಡಿ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಡದಲ್ಲೇ ಇದೆ. ತೀರ್ಥಹಳ್ಳಿ ಬಸ್ಸು ಹತ್ತಿ ಕಂಡಕ್ಟರಿಗೆ ‘ಆನೆ ಬಿಡಾರ’ ಎಂದರೆ ಸಾಕು. ರಜೆಗೆ ಬರುವವರು ತಪ್ಪುವುದು ಹೊತ್ತಿನಲ್ಲಿ. ಜೋಗ ನೋಡಿಕೊಂಡು ಸಂಜೆ ಒಂದು ಸುತ್ತು ಹಾಕೋಣ ಎಂದು ಬರುತ್ತಾರೆ, ಖಾಲಿ ದಡ ನೋಡಿ ಬೇಸರಪಟ್ಟು ಹೋಗುತ್ತಾರೆ. ಆನೆಗಳು ಸಿಗುವುದು ಬೆಳಿಗ್ಗೆ ಮಾತ್ರ. ಎಂಟೂವರೆಗೆ ಅಲ್ಲಿರಿ, ಹನ್ನೊಂದರ ಹೊತ್ತಿಗೆ ಎಲ್ಲ ಮುಗಿಯುತ್ತದೆ.

ಉಳಿದ ಹೊತ್ತು ಅವು ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡಿನಲ್ಲಿ ಮೇಯುತ್ತವೆ. ಬಿಡಾರದ ನಿಜವಾದ ಬೆಲೆ ಇರುವುದು ಇಲ್ಲಿ. ಕಾಡಿಗೆ ಬಿಡುವಾಗ ಕಾಲಿಗೆ ಬೇಡಿ ಹಾಕಿ, ಹಿಂದೆ ಎಳೆಯುವಂತೆ ಉದ್ದನೆಯ ಸರಪಳಿ ಬಿಡುತ್ತಾರೆ. ಬೇಡಿಯಿಂದ ಹೆಜ್ಜೆ ಗಿಡ್ಡವಾಗಿ ಆನೆ ತೀರಾ ದೂರ ಹೋಗುವುದಿಲ್ಲ. ಸರಪಳಿ ನೆಲದ ಮೇಲೆ ಗೀರು ಬಿಟ್ಟು ಹೋಗುತ್ತದೆ. ನಸುಕಿನಲ್ಲಿ ಮಾವುತ ಮತ್ತು ಅವನ ಸಹಾಯಕ ಕಾವಾಡಿ ಆ ಗೀರು ಹಿಡಿದು ಹುಡುಕಿಕೊಂಡು ಹೊರಡುತ್ತಾರೆ. ರಾತ್ರಿ ಜೋರು ಮಳೆ ಬಂದು ಗೀರು ಅಳಿಸಿದ್ದರೆ ಲದ್ದಿಯ ಬಿಸಿ, ಮುರಿದ ಬೈನೆ ಮರದ ಗರಿ, ಬಿದಿರು ಮೆಳೆಯೊಳಗಿನ ಸದ್ದು ಇವೇ ಗತಿ. ಕಾಡಾನೆ ಜೊತೆಗಿದ್ದರಂತೂ ಹತ್ತಿರ ಹೋಗಲು ಕಾಯಬೇಕು. ಹಾಗಾಗಿ ಯಾವುದಾದರೂ ಆನೆ ತಡವಾಗಿ ಬಂದರೆ ಗೇಟಿನಲ್ಲಿರುವವರ ಮೇಲೆ ರೇಗಬೇಡಿ.

ಇಲ್ಲಿರುವ ಹಲವು ಆನೆಗಳು ತೋಟ, ಗದ್ದೆಗೆ ನುಗ್ಗಿ ಸೆರೆಯಾಗಿ ಬಂದವು. ಹಾಗೆ ಬಂದದ್ದನ್ನು ಮೊದಲು ದಪ್ಪ ದಿಮ್ಮಿಗಳ ದೊಡ್ಡಿಯಾದ ಕ್ರಾಲ್‌ನಲ್ಲಿ ಕೂಡುತ್ತಾರೆ. ಹೊಸ ಆನೆ ಮನುಷ್ಯನ ಕೈಯಿಂದ ಕಬ್ಬು, ಬೆಲ್ಲ ತೆಗೆದುಕೊಳ್ಳುವುದಕ್ಕೇ ದಿನಗಟ್ಟಲೆ ಬೇಕು, ಹೊರಗೆ ಬಿಡುವಷ್ಟು ನಂಬಿಕೆ ಕುದುರಲು ತಿಂಗಳುಗಳು. ತಾಯಿ ತಪ್ಪಿದ ಮರಿಗಳ ಪಾಡು ಬೇರೆ. ಅವಕ್ಕೆ ಹಸುವಿನ ಹಾಲು ಒಗ್ಗುವುದಿಲ್ಲ, ಭೇದಿ ಹಿಡಿದು ಬೇಗ ಸೋತುಹೋಗುತ್ತವೆ. ಕೂಸುಗಳಿಗೆ ಕೊಡುವ ಹಾಲಿನ ಪುಡಿಯನ್ನು ಕಲಸಿ, ಸ್ವಲ್ಪ ಸ್ವಲ್ಪವಾಗಿ, ರಾತ್ರಿಯೂ ಎದ್ದು ಕುಡಿಸಬೇಕು. ಮರಿ ಸೊಂಡಿಲಿನಿಂದ ಹಾಲು ಕುಡಿಯುವುದಿಲ್ಲ. ಸೊಂಡಿಲನ್ನು ಪಕ್ಕಕ್ಕೆ ಮಡಚಿ ಬಾಯಿಂದಲೇ ಚೀಪುತ್ತದೆ. ತಾಯಿಯ ಜೊತೆಗಿರುವ ಮರಿ ಮುದ್ದಾಗಿದೆ ಎಂದು ಅವೆರಡರ ನಡುವೆ ಮಾತ್ರ ಹೋಗಬೇಡಿ.

ಈಗ ಸ್ನಾನ. ವ್ಯರ್ಥ ಕೆಲಸಕ್ಕೆ ನಾವು ‘ಗಜಸ್ನಾನ’ ಎಂದು ಹೆಸರಿಟ್ಟಿದ್ದೇವೆ, ಮಿಂದ ಆನೆ ಮತ್ತೆ ಮಣ್ಣು ಎರಚಿಕೊಳ್ಳುತ್ತದೆ ಎಂದು. ಅದು ಆನೆಗೆ ಮಾಡಿದ ಅನ್ಯಾಯ. ಉಗುರಿನ ಸಂದು ಬಿಟ್ಟರೆ ಆನೆಯ ಮೈಯಲ್ಲಿ ಬೆವರಿನ ಗ್ರಂಥಿಗಳು ಇಲ್ಲವೆಂದೇ ಹೇಳಬೇಕು. ಚರ್ಮದ ಸುಕ್ಕುಗಳಲ್ಲಿ ನಿಂತ ನೀರು ನಿಧಾನವಾಗಿ ಆರುತ್ತಾ ಮೈ ತಂಪಿಡುತ್ತದೆ. ಮೇಲೆ ಎರಚಿಕೊಂಡ ಮಣ್ಣು ಬಿಸಿಲು, ನೊಣ, ಉಣ್ಣಿ ತಡೆಯುತ್ತದೆ. ಸ್ನಾನ ಮತ್ತು ಮಣ್ಣು ಒಂದೇ ಕೆಲಸದ ಎರಡು ಭಾಗ. ಮಾವುತ ಆನೆಯನ್ನು ನೀರಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿ ಉಜ್ಜುವಾಗ ಅವನ ಕೈಯನ್ನು ಗಮನಿಸಿ. ಕಿವಿಯ ಹಿಂಭಾಗ, ಕಂಕುಳು, ತೊಡೆಸಂದು, ಬಾಲದ ಬುಡ, ಕೊನೆಗೆ ಉಗುರು. ಕೊಳೆ ತೆಗೆಯುವುದರ ಜೊತೆಗೇ ಮೈಯೆಲ್ಲ ತಪಾಸಣೆ ಆಗುತ್ತಿರುತ್ತದೆ. ಎಲ್ಲಿ ಕೈ ತಾಗಿದಾಗ ಆನೆ ಮೈ ಬಿಗಿಯುತ್ತದೋ ಅಲ್ಲಿ ಗಾಯವೋ ಬಾವೋ ಇದೆ. ಬೇಡಿ ಉಜ್ಜಿ ಚರ್ಮ ಕಿತ್ತಿದ್ದರೆ ಗೊತ್ತಾಗುವುದೂ ಆಗಲೇ. ಕಿವಿ, ಸೊಂಡಿಲಿನ ಮೇಲಿನ ಗುಲಾಬಿ ಮಚ್ಚೆ ನೋಡಿ ಚರ್ಮರೋಗ ಎಂದುಕೊಳ್ಳಬೇಡಿ. ವಯಸ್ಸಾದಂತೆ ಅಲ್ಲಿ ಬಣ್ಣ ಇಳಿಯುತ್ತದೆ, ಅಷ್ಟೇ.

ಆದರೆ ಒಂದೇ ಅಂಗ ನೋಡುವಷ್ಟು ಹೊತ್ತಿದ್ದರೆ ಕಾಲು ನೋಡಿ. ಸಾಕಾನೆಯನ್ನು ಹೇಗೆ ಇಟ್ಟಿದ್ದಾರೆ ಎಂದು ದಂತ ಹೇಳುವುದಿಲ್ಲ, ಕಾಲು ಹೇಳುತ್ತದೆ. ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು ಉಗುರು. ಅಂಗಾಲಿನ ಚರ್ಮ, ಉಗುರು ಎರಡೂ ಬೆಳೆಯುತ್ತಲೇ ಇರುತ್ತವೆ. ಕಾಡಿನಲ್ಲಿ ನಡೆದಾಡುವ ಆನೆಗೆ ಅವು ತಾವಾಗಿಯೇ ಸವೆಯುತ್ತವೆ. ದಿನವಿಡೀ ಸಿಮೆಂಟ್ ನೆಲದ ಮೇಲೆ, ತನ್ನದೇ ಮೂತ್ರ ಲದ್ದಿಯ ತೇವದಲ್ಲಿ ಕಟ್ಟಿಹಾಕಿದ ಆನೆಗೆ ಸವೆಯುವುದಿಲ್ಲ. ಉಗುರು ಸೀಳುತ್ತದೆ, ಸೀಳಿಗೆ ಕೊಳೆ ಸೇರಿ ಕೀವಾಗುತ್ತದೆ, ಅದು ಮೂಳೆ ಮುಟ್ಟಿದರೆ ವಾಸಿ ಮಾಡುವುದು ಬಲು ಕಷ್ಟ. ನಾಲ್ಕು ಟನ್ ತೂಗುವ ಪ್ರಾಣಿಗೆ ಒಂದು ಕಾಲು ಊರದಿದ್ದರೆ ಉಳಿದ ಮೂರೂ ಕೆಡುತ್ತವೆ. ರಾತ್ರಿ ಕಾಡಿಗೆ ಬಿಡುವುದು ಮೇವಿಗೆ ಮಾತ್ರವಲ್ಲ, ಇದಕ್ಕೂ ಹೌದು.

ಮಕ್ಕಳಿದ್ದರೆ ಒಂದು ದಾರ, ಒಂದು ಟೇಪು ಒಯ್ಯಿರಿ. ಆನೆ ಹೋದ ಮೇಲೆ, ಮಾವುತರನ್ನು ಕೇಳಿ, ದಡದ ಕೆಸರಿನಲ್ಲಿ ಮುಂಗಾಲಿನ ಗುರುತು ಹುಡುಕಿ. ಮುಂಗಾಲಿನದು ದುಂಡಗೆ, ಹಿಂಗಾಲಿನದು ಉದ್ದುದ್ದ. ದುಂಡನೆಯದರ ಸುತ್ತ ದಾರವಿಟ್ಟು ಅಳೆದು ಎರಡರಿಂದ ಗುಣಿಸಿದರೆ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ: ನಾಲ್ಕೂಕಾಲು ಅಡಿ ಸುತ್ತಳತೆಯಿದ್ದರೆ ಎಂಟೂವರೆ ಅಡಿಯ ಆನೆ. ತೀರಾ ಮೆತ್ತನೆ ಕೆಸರಿನಲ್ಲಿ ಗುರುತು ಅಗಲವಾಗಿ ಲೆಕ್ಕ ತಪ್ಪುತ್ತದೆ, ಗಟ್ಟಿ ಮಣ್ಣಿನದನ್ನೇ ಆರಿಸಿ.

ಮಿಂದ ಮೇಲೆ ಕುಸುರೆ. ಭತ್ತ, ಬೆಲ್ಲ, ತೆಂಗಿನಕಾಯಿಯನ್ನು ಒಣಹುಲ್ಲಿನಲ್ಲಿ ಸುತ್ತಿ ಗಂಟು ಕಟ್ಟಿ ಬಾಯಿಗೆ ಕೊಡುತ್ತಾರೆ. ಹುಲ್ಲಿಲ್ಲದೆ ಕೊಟ್ಟರೆ ಕಾಳು ಅಗಿಯದೆ ಚೆಲ್ಲಿಹೋಗುತ್ತದೆ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಹಸಿರು ಬೇಕು, ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆ ಹೊರಬರುತ್ತದೆ. ಆದ್ದರಿಂದ ಕುಸುರೆ ಪೂರಕ ಆಹಾರ ಮಾತ್ರ, ಹೊಟ್ಟೆ ತುಂಬಿಸುವುದು ಕಾಡು. ನೀವು ತಂದ ಬಾಳೆಹಣ್ಣನ್ನು ಕೇಳದೆ ಚಾಚಬೇಡಿ. ಒಬ್ಬೊಬ್ಬರೂ ಕೊಡುತ್ತಾ ಹೋದರೆ ಆನೆ ಎಲ್ಲರ ಚೀಲಕ್ಕೂ ಸೊಂಡಿಲು ಹಾಕಲು ಕಲಿಯುತ್ತದೆ. ಹಣ್ಣಿನ ಜೊತೆ ಪ್ಲಾಸ್ಟಿಕ್ ಕವರೂ ಒಳಗೆ ಹೋಗಿ ಕರುಳು ಕಟ್ಟುತ್ತದೆ.

ಕಿವಿ ಬೀಸುತ್ತ, ಬಾಲ ಆಡಿಸುತ್ತ ನಿಂತ ಆನೆ ನೆಮ್ಮದಿಯಾಗಿದೆ. ಇದ್ದಕ್ಕಿದ್ದಂತೆ ಎರಡೂ ನಿಂತು, ಕಿವಿ ಅಗಲಿಸಿ, ಸೊಂಡಿಲ ತುದಿ ನಿಮ್ಮ ಕಡೆ ತಿರುಗಿದರೆ ಮಾತು ನಿಲ್ಲಿಸಿ ಮೆಲ್ಲಗೆ ಹಿಂದೆ ಸರಿಯಿರಿ, ಓಡಬೇಡಿ. ಹಿಂಬದಿಯಿಂದ ಎಂದೂ ಹತ್ತಿರ ಹೋಗಬಾರದು. ಗಂಡಾನೆಯ ಕಣ್ಣು ಕಿವಿಯ ನಡುವೆ ಎಣ್ಣೆಯಂಥ ಕಪ್ಪು ಒಸರು, ತೊಡೆಯ ಒಳಬದಿ ಒದ್ದೆ ಕಂಡರೆ ಅದು ಮದ. ಅದನ್ನು ದೂರ ಕಟ್ಟಿರುತ್ತಾರೆ. ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಳ್ಳಲು ಮಾವುತನಿಗೆ ಕಾಸು ಕೊಡುವುದು ಅವನ ಜೀವಕ್ಕೇ ಕುತ್ತು.

ಹೆಣ್ಣಾನೆಯ ಹೊಟ್ಟೆ ನೋಡಿ ಗಬ್ಬವಾಗಿದೆಯೋ ಇಲ್ಲವೋ ಹೇಳುವುದು ಅನುಭವಿಗಳಿಗೂ ಕಷ್ಟ, ಗರ್ಭ ಸುಮಾರು 22 ತಿಂಗಳದ್ದಾದರೂ. 2023ರ ಶಿವಮೊಗ್ಗ ದಸರಾಕ್ಕೆಂದು ಇಲ್ಲಿಂದ ಹೋಗಿದ್ದ ನೇತ್ರಾವತಿ ಎಂಬ ಆನೆ ಮೆರವಣಿಗೆಗೆ ಮುಂಚೆಯೇ ಪೇಟೆಯಲ್ಲಿ ಮರಿ ಹಾಕಿತು. ಬೆನ್ನಿಗೆ ಸವಾರಿ ಕೇಳುವ ಮುನ್ನ ಇದನ್ನು ನೆನೆಯಿರಿ.

ಹನ್ನೊಂದಕ್ಕೆ ಹೊರಟರೆ, ಮಳೆಗಾಲವಾದರೆ, ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ. ಕೊಡೆ ಇರಲಿ.