ಹೊರಗಿನಿಂದ ಪರೀಕ್ಷೆಗೆ ಕಟ್ಟುವ ಮಕ್ಕಳು

ಮಗಳು ಹದಿನೈದನೆಯ ವಯಸ್ಸಿನಲ್ಲಿ ಮೊದಲ ಸಲ ಕ್ಲೆಪ್ ಪರೀಕ್ಷೆಗೆ, ಎಂದರೆ ತಾವಾಗಿ ಓದಿಕೊಂಡವರಿಗೆ ಅಮೆರಿಕದ ಕಾಲೇಜುಗಳ ಅಂಕ ದೊರಕಿಸುವ ಪರೀಕ್ಷೆಗೆ, ಹೆಸರು ನೋಂದಾಯಿಸಿದ ವಾರ, ಶಿವಮೊಗ್ಗದಿಂದ ಫೋನು ಮಾಡಿದ್ದ ಅತ್ತೆಯವರು, "ಶಾಲೆಗೇ ಹೋಗದ ಹುಡುಗಿಗೆ ಕಾಲೇಜಿನವರು ಹೇಗಮ್ಮ ಅಂಕ ಕೊಡುತ್ತಾರೆ?" ಎಂದು ಕಳವಳದಿಂದ ಕೇಳಿದರು. ನಾನು ಉತ್ತರಕ್ಕೆ ತಡಕಾಡುತ್ತಿರುವಾಗ ಅವರ ಪಕ್ಕದಲ್ಲಿದ್ದ ಮಾವನವರು, "ಎಕ್ಸ್‌ಟರ್ನಲ್ ಆಗಿ ಕಟ್ಟುತ್ತಿದ್ದಾಳೆ, ಅಷ್ಟೇ" ಎಂದರು. ಅವರು ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದುಕೊಂಡೇ ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣದ ಮೂಲಕ ಬಿ.ಎ. ಮುಗಿಸಿದವರು. ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾದದ್ದು ಅದೇ ಸಂಸ್ಥೆ. ಮನೆಯಲ್ಲಿ ಓದಿ ಹೊರಗಿನಿಂದ ಪರೀಕ್ಷೆಗೆ ಕಟ್ಟುವುದು ನಮ್ಮ ಮನೆಗೆ ಹೊಸದಲ್ಲ ಎಂಬುದು ಆ ಒಂದು ಮಾತಿನಿಂದ ನನಗೆ ಹೊಳೆಯಿತು.

ನಾವಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ಕುಟುಂಬವನ್ನು ಕಾನೂನು ಒಂದು ಖಾಸಗಿ ಶಾಲೆಯಂತೆಯೇ ಪರಿಗಣಿಸುತ್ತದೆ. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಇದನ್ನು ಎತ್ತಿಹಿಡಿಯಿತು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ವರದಿ, ಮೌಲ್ಯಮಾಪನ ಎಂದು ಬಿಗಿಯಾದ ನಿಯಮಗಳಿವೆ. ನಮ್ಮಲ್ಲಿ ಅಂಥ ತಪಾಸಣೆ ಇಲ್ಲದಿರುವುದರಿಂದ ಸ್ವಾತಂತ್ರ್ಯ ಹೆಚ್ಚು, ಅದರ ಜೊತೆಗೆ ತಾಯ್ತಂದೆಯರ ಹೊಣೆಯೂ ಹೆಚ್ಚು. ತಾಯಿಯೇ ಬರೆದುಕೊಟ್ಟ ಅಂಕಪಟ್ಟಿಯನ್ನು ಕಾಲೇಜು ಓದುತ್ತದೆ, ನಿಜ; ಆದರೆ ಹೊರಗಿನವರು ನಡೆಸಿದ ಪರೀಕ್ಷೆಯ ಫಲಿತಾಂಶವೊಂದು ಅದರ ಪಕ್ಕದಲ್ಲಿದ್ದರೆ ಆ ಪಟ್ಟಿಗೆ ಬರುವ ತೂಕವೇ ಬೇರೆ. ಕ್ರೆಡಿಟ್‌ಗಳಿಂದ, ಎಂದರೆ ಪದವಿಯ ಲೆಕ್ಕಕ್ಕೆ ಸೇರುವ ಪಾಠದ ಅಂಕಗಳಿಂದ, ಆಗುವ ಉಳಿತಾಯಕ್ಕಿಂತ ಮೊದಲು ನನ್ನನ್ನು ಈ ದಾರಿಗೆ ಎಳೆದದ್ದು ಈ ಕಾರಣ.

ಕ್ಲೆಪ್ ಎಂಬುದು ಕಾಲೇಜ್ ಬೋರ್ಡ್ ಎಂಬ ಅಮೆರಿಕದ ಪರೀಕ್ಷಾ ಸಂಸ್ಥೆ 1967ರಿಂದ ನಡೆಸುತ್ತ ಬಂದಿರುವ ಪರೀಕ್ಷೆಗಳ ಮಾಲೆ. ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ, ಮನೋವಿಜ್ಞಾನ, ಬೀಜಗಣಿತ, ಜೀವವಿಜ್ಞಾನ, ಲೆಕ್ಕಪತ್ರ ಹೀಗೆ ಮೂವತ್ತಕ್ಕೂ ಹೆಚ್ಚು ವಿಷಯಗಳಿವೆ. ಬಹುತೇಕ ಪರೀಕ್ಷೆಗಳು ಒಂದೂವರೆ ಗಂಟೆಯವು ಮತ್ತು ಕಂಪ್ಯೂಟರಿನಲ್ಲಿ ಸರಿಯುತ್ತರವನ್ನು ಆರಿಸುವಂಥವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಫಲಿತಾಂಶ 20ರಿಂದ 80ರ ನಡುವೆ ಬರುತ್ತದೆ, ಮತ್ತು 50 ಬಂದರೆ ಕ್ರೆಡಿಟ್ ಕೊಡಬಹುದು ಎಂಬುದು ಅಲ್ಲಿನ ಕಾಲೇಜುಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್‌ನ ಶಿಫಾರಸು. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಕ್ರೆಡಿಟ್, ಕೆಲವಕ್ಕೆ ಆರು. ಪದವಿಗೆ ಬೇಕಾಗುವುದು ಸುಮಾರು 120. ಪರೀಕ್ಷಾ ಶುಲ್ಕ ನೂರು ಡಾಲರಿಗೆ ತುಸು ಕಡಿಮೆ, ಅದರ ಮೇಲೆ ಕೇಂದ್ರದವರ ಚಿಕ್ಕ ಶುಲ್ಕ. ಅದೇ ಮೂರು ಕ್ರೆಡಿಟ್ಟುಗಳನ್ನು ರಾಜ್ಯದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕುಳಿತು ಪಡೆಯಲು ಸಾವಿರ ಡಾಲರಿನ ಆಸುಪಾಸು ಬೇಕು. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆ ಈ ವಿಷಯಗಳ ಪಾಠಗಳನ್ನು ಉಚಿತವಾಗಿ ಒದಗಿಸಿ, ಪಾಠ ಪೂರ್ತಿ ಮಾಡಿದವರಿಗೆ ಪರೀಕ್ಷಾ ಶುಲ್ಕದ ವೋಚರನ್ನೂ ಕೊಡುತ್ತದೆ. ನಾವು ಅದನ್ನು ಮನಸಾರೆ ಬಳಸಿಕೊಂಡೆವು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವನ್ನು ನಾನು ತಡವಾಗಿ ಮಾಡಿದೆ, ಮತ್ತು ಈ ಬರಹಕ್ಕೆ ಕುಳಿತದ್ದೇ ಅದನ್ನು ಹೇಳುವುದಕ್ಕಾಗಿ. ಮಗಳಿಗೆ ಸುಲಭವಾದದ್ದರಿಂದ ಶುರುವಾಗಲಿ ಎಂದು ಕಾಲೇಜ್ ಮ್ಯಾಥಮ್ಯಾಟಿಕ್ಸ್ ಪರೀಕ್ಷೆಯನ್ನು ಮೊದಲು ಬರೆಸಿದೆ. ಅವಳು ಚೆನ್ನಾಗಿಯೇ ಬರೆದಳು. ಎರಡು ವರ್ಷದ ನಂತರ ಎಂಜಿನಿಯರಿಂಗ್ ಓದುತ್ತೇನೆಂದು ಅವಳು ಹೇಳಿದಾಗ, ಸೇರಬೇಕೆಂದಿದ್ದ ವಿಶ್ವವಿದ್ಯಾಲಯದ ಕ್ಲೆಪ್ ಕ್ರೆಡಿಟ್ಟಿನ ಪಟ್ಟಿಯನ್ನು ತೆರೆದು ನೋಡಿದರೆ, ಆ ಪದವಿಗೆ ಗಣಿತ ಆರಂಭವಾಗುವುದೇ ಕ್ಯಾಲ್ಕುಲಸ್‌ನಿಂದ. ಕಲಾ ವಿಭಾಗದವರಿಗೆಂದು ಇರುವ ಆ ಗಣಿತದ ಕ್ರೆಡಿಟ್ಟಿಗೆ ಅವಳ ಪದವಿಯಲ್ಲಿ ಜಾಗವೇ ಇರಲಿಲ್ಲ. ತಪ್ಪು ವಿಶ್ವವಿದ್ಯಾಲಯದ್ದಲ್ಲ, ಎಲ್ಲವನ್ನೂ ಅವರು ಸ್ಪಷ್ಟವಾಗಿ ಬರೆದಿಟ್ಟಿದ್ದರು. ಓದದೆ ಪರೀಕ್ಷೆಯನ್ನು ಆರಿಸಿದವಳು ನಾನು, ಮೂರು ತಿಂಗಳು ಕುಳಿತು ಓದಿದವಳು ಮಗಳು. ಅದಕ್ಕಾಗಿ ಈಗಲೂ ಮನಸ್ಸಿಗೆ ನೋವಾಗುತ್ತದೆ.

ಆದ್ದರಿಂದ ನಾನು ಯಾರಿಗೇ ಹೇಳಿದರೂ ಇದನ್ನೇ ಹೇಳುತ್ತೇನೆ: ಪರೀಕ್ಷೆಗಳ ಪಟ್ಟಿಯನ್ನು ಆಮೇಲೆ ನೋಡಿ, ಮೊದಲು ಮೂರ್ನಾಲ್ಕು ಕಾಲೇಜುಗಳ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಯಾವ ಪರೀಕ್ಷೆ ಅಲ್ಲಿ ಯಾವ ಕೋರ್ಸಿಗೆ ಸಮ, ಎಷ್ಟು ಅಂಕ ಬರಬೇಕು, ಅದು ಕಡ್ಡಾಯ ವಿಷಯಕ್ಕೆ ಸಲ್ಲುತ್ತದೆಯೋ ಕೇವಲ ಐಚ್ಛಿಕಕ್ಕೋ, ಒಟ್ಟು ಎಷ್ಟು ಕ್ರೆಡಿಟ್ಟನ್ನು ಹೀಗೆ ತರಲು ಬಿಡುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಸಾರ್ವಜನಿಕ ಕಾಲೇಜುಗಳು ಇಂಥ ನೀತಿಯನ್ನು ಹೊಂದಿರಲೇಬೇಕು ಎಂದು ಟೆಕ್ಸಸ್‌ನ ಕಾನೂನು ಹೇಳುತ್ತದೆ, ಆದರೆ ಎಷ್ಟು ಅಂಕಕ್ಕೆ ಏನು ಎಂಬುದು ಆಯಾ ಕಾಲೇಜಿಗೆ ಬಿಟ್ಟದ್ದು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನಂಥ ಕಡೆ ಕ್ಲೆಪ್‌ಗೆ ಕ್ರೆಡಿಟ್ ಇಲ್ಲ. ವೈದ್ಯಕೀಯದ ಕನಸಿರುವ ಮಕ್ಕಳಿಗೆ ಜೀವವಿಜ್ಞಾನ, ರಸಾಯನವಿಜ್ಞಾನಗಳನ್ನು ಪರೀಕ್ಷೆಯಿಂದ ತೀರಿಸಿಬಿಡುವ ಸಲಹೆಯನ್ನು ನಾನಂತೂ ಕೊಡುವುದಿಲ್ಲ, ಏಕೆಂದರೆ ಅನೇಕ ವೈದ್ಯಕೀಯ ಕಾಲೇಜುಗಳು ಅವನ್ನು ತರಗತಿಯಲ್ಲಿ, ಪ್ರಯೋಗಾಲಯದ ಜೊತೆಗೆ ಓದಿರಬೇಕೆಂದು ಬಯಸುತ್ತವೆ.

ಪಟ್ಟಿಯನ್ನು ಓದುವಾಗ ಇನ್ನೊಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ಟೆಕ್ಸಸ್‌ನ ಸಾರ್ವಜನಿಕ ವಿಶ್ವವಿದ್ಯಾಲಯದಿಂದ ಪದವಿ ಪಡೆಯುವ ಪ್ರತಿಯೊಬ್ಬರೂ ಆರು ಕ್ರೆಡಿಟ್ ಅಮೆರಿಕದ ಇತಿಹಾಸವನ್ನೂ, ಆರು ಕ್ರೆಡಿಟ್ ಸರ್ಕಾರದ ವಿಷಯವನ್ನೂ ಓದಬೇಕು. ಇತಿಹಾಸದ ಆರಕ್ಕೆ ಎರಡು ಕ್ಲೆಪ್ ಪರೀಕ್ಷೆಗಳು ಸರಿಹೋಗುತ್ತವೆ. ಸರ್ಕಾರದ ವಿಷಯದಲ್ಲಿ ಹಾಗಲ್ಲ. ರಾಜ್ಯದ ಸಂವಿಧಾನವನ್ನೂ ಓದಿರಬೇಕೆಂಬುದು ಇಲ್ಲಿನ ನಿಯಮ, ಆದರೆ ದೇಶಕ್ಕೆಲ್ಲ ಒಂದೇ ಆದ ಕ್ಲೆಪ್ ಪ್ರಶ್ನೆಪತ್ರಿಕೆಯಲ್ಲಿ ಟೆಕ್ಸಸ್‌ನ ಸಂವಿಧಾನ ಇರುವುದಿಲ್ಲ. ಆ ಉಳಿದ ಭಾಗವನ್ನು ಮಗಳು ಕಾಲೇಜಿಗೆ ಸೇರಿದ ಮೇಲೆ ಓದಿದಳು.

ಓದಿಸುವ ಕ್ರಮವನ್ನು ನಾನು ಕಲಿತದ್ದು ಇತಿಹಾಸದ ಮೊದಲ ಪರೀಕ್ಷೆಯಲ್ಲಿ. 1877ರವರೆಗಿನ ಕಾಲ ಅದರ ವ್ಯಾಪ್ತಿ. ಮಗಳಿಗೆ ವಸಾಹತುಗಳ ಕಾಲವೆಂದರೆ ಬಹಳ ಇಷ್ಟ. ವರ್ಜೀನಿಯಾದ ಹೊಗೆಸೊಪ್ಪಿನ ಹೊಲಗಳು, ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ಎಂದು ಎರಡು ತಿಂಗಳು ಅಲ್ಲೇ ತಿರುಗಾಡಿದಳು. ಆಮೇಲೆ ಕಾಲೇಜ್ ಬೋರ್ಡಿನ ವಿವರಣೆಯನ್ನು ಬಿಡಿಸಿ ನೋಡಿದರೆ, 1789ರವರೆಗಿನ ಭಾಗಕ್ಕೆ ಪ್ರಶ್ನೆಗಳಲ್ಲಿ ಸುಮಾರು ಶೇಕಡಾ 30, ಅಲ್ಲಿಂದ ಮುಂದಿನದಕ್ಕೆ ಸುಮಾರು ಶೇಕಡಾ 70. ಅವಳು ಇಷ್ಟಪಟ್ಟು ಓದಿದ್ದನ್ನು ವ್ಯರ್ಥವೆಂದು ನಾನು ಎಂದೂ ಹೇಳಲಾರೆ, ಅಂಥ ಓದಿಗಾಗಿಯೇ ನಾವು ಮನೆಯಲ್ಲಿ ಪಾಠ ಮಾಡುತ್ತಿರುವುದು. ಆದರೂ ಪರೀಕ್ಷೆಯ ದಿನಾಂಕವನ್ನು ಆರು ವಾರ ಮುಂದೆ ಹಾಕಿ, ಅಧ್ಯಕ್ಷ ಜಾಕ್ಸನ್ನನ ಕಾಲವನ್ನೂ ಅಂತರ್ಯುದ್ಧದ ಹಿಂದಿನ ದಶಕಗಳನ್ನೂ ನಿಧಾನವಾಗಿ ಓದಿಸಬೇಕಾಯಿತು. ಈಗ ನಮ್ಮ ಮನೆಯಲ್ಲಿ ವಿಷಯವನ್ನು ವರ್ಷವಿಡೀ ಮನಸ್ಸಿಗೆ ಬಂದಂತೆ ಓದುತ್ತೇವೆ. ಕಡೆಯ ಎರಡು ತಿಂಗಳು ಮಾತ್ರ ಪರೀಕ್ಷೆಯ ಲೆಕ್ಕಾಚಾರಕ್ಕೆ. ಮಾದರಿ ಪರೀಕ್ಷೆಯಲ್ಲಿ ಎರಡು ಸಲ ಸಲೀಸಾಗಿ ದಾಟುವವರೆಗೆ ದಿನಾಂಕ ಗೊತ್ತುಮಾಡುವುದಿಲ್ಲ, ಏಕೆಂದರೆ ಒಮ್ಮೆ ತಪ್ಪಿದರೆ ಅದೇ ಪರೀಕ್ಷೆಯನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು.

ಮಗಳು ಬರೆದ ಮೊಟ್ಟಮೊದಲ ಪರೀಕ್ಷೆಯ ದಿನದ ಚಿತ್ರ ಇನ್ನೂ ಕಣ್ಣ ಮುಂದಿದೆ. ಹತ್ತಿರದ ಸಮುದಾಯ ಕಾಲೇಜಿನ ಪರೀಕ್ಷಾ ಕೊಠಡಿ. ಶಾಲೆಯ ಗುರುತಿನ ಚೀಟಿ ಇಲ್ಲದ ಮಗಳು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಫೋನು, ಕೈಗಡಿಯಾರ, ನೀರಿನ ಬಾಟಲಿ ಎಲ್ಲವನ್ನೂ ಕಪಾಟಿನಲ್ಲಿಟ್ಟು ಒಳಗೆ ಹೋದಳು. ಅಕ್ಕಪಕ್ಕದಲ್ಲಿ ಬರೆಯಲು ಕುಳಿತವರೆಲ್ಲ ಅವಳಿಗಿಂತ ದೊಡ್ಡವರು. ಸೈನ್ಯದ ಸಮವಸ್ತ್ರದಲ್ಲಿದ್ದ ಒಬ್ಬರೂ ಇದ್ದರು. ಒಂದೂವರೆ ಗಂಟೆ ನಾನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಬಂಧ ಬರೆಯುವ ಪರೀಕ್ಷೆಯೊಂದನ್ನು ಬಿಟ್ಟರೆ ಫಲಿತಾಂಶ ಅಲ್ಲೇ ಪರದೆಯ ಮೇಲೆ ಬರುತ್ತದೆ. ಅಚ್ಚಾದ ಹಾಳೆಯನ್ನು ಮಡಚದೆ ಎದೆಗೊತ್ತಿಕೊಂಡು ಅವಳು ಹೊರಬಂದಾಗ, ಮೇಲಿದ್ದ 64 ಎಂಬ ಅಂಕಿಗಿಂತ ಮೊದಲು ನನಗೆ ಕಂಡದ್ದು ಅವಳ ಮುಖ. ತಾಯಿಯಲ್ಲದ ಇನ್ನೊಬ್ಬರು ತನ್ನ ಓದನ್ನು ಅಳೆದು ಸರಿ ಎಂದದ್ದು ಆ ಹುಡುಗಿಗೆ ಅದೇ ಮೊದಲು.

ಎಪಿ, ಎಂದರೆ ಹೈಸ್ಕೂಲಿನ ಮಕ್ಕಳು ಬರೆಯುವ ಕಾಲೇಜು ಮಟ್ಟದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳ ಬಗ್ಗೆ ಕೇಳುವವರು ಬಹಳ. ದೊಡ್ಡ ಹೆಸರಿನ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿಗೆ ಅದೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ನಡೆಯುವುದು ವರ್ಷಕ್ಕೊಮ್ಮೆ, ಮೇ ತಿಂಗಳಿನಲ್ಲಿ. ಮನೆಶಾಲೆಯ ಮಕ್ಕಳನ್ನು ಕೂರಿಸಿಕೊಳ್ಳಲು ಒಪ್ಪುವ ಶಾಲೆಯೊಂದನ್ನು ಹಿಂದಿನ ಶರತ್ಕಾಲದಲ್ಲೇ ಹುಡುಕಿ ಹೆಸರು ಕೊಡಬೇಕು. ನಾವು ಕೇಳಿದ ಮೊದಲ ಎರಡು ಶಾಲೆಗಳು ಆಗದೆಂದವು, ಮೂರನೆಯದು ಸಂತೋಷದಿಂದ ಒಪ್ಪಿತು. ಆಗಸ್ಟಿನಲ್ಲೇ ಕೇಳಲು ಶುರುಮಾಡಿ, ಸಂಕೋಚ ಬೇಡ.

ಮಗಳು ಒಟ್ಟು ಏಳು ಕ್ಲೆಪ್ ಬರೆದಳು. ಆರು ಲೆಕ್ಕಕ್ಕೆ ಬಂದು 18 ಕ್ರೆಡಿಟ್‌ಗಳೊಂದಿಗೆ ಕಾಲೇಜಿಗೆ ಕಾಲಿಟ್ಟಳು. ಕ್ಯಾಲ್ಕುಲಸನ್ನೂ ಪರೀಕ್ಷೆಯಿಂದಲೇ ಮುಗಿಸಿಬಿಡು ಎಂದು ಕನ್ನಡ ಸಂಘದ ಗೆಳತಿಯರು ಹೇಳಿದರೂ ನಾನು ಒಪ್ಪಲಿಲ್ಲ. ಮುಂದಿನ ನಾಲ್ಕು ವರ್ಷ ಯಾವುದರ ಮೇಲೆ ನಿಲ್ಲಬೇಕೋ ಅದನ್ನು ಕರಿಹಲಗೆಯ ಮುಂದೆ, ಪ್ರಶ್ನೆ ಕೇಳಬಹುದಾದ ಅಧ್ಯಾಪಕರೊಬ್ಬರ ಎದುರಿನಲ್ಲಿ ಕಲಿಯಲಿ ಎಂದು ನನ್ನ ಆಸೆಯಾಗಿತ್ತು. ಇತಿಹಾಸ, ಅರ್ಥಶಾಸ್ತ್ರಗಳ ಹೊರೆ ಇಳಿದಿದ್ದರಿಂದ ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಆ ಗಣಿತಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು.

ಈಗ ಹದಿನಾಲ್ಕರ ಮಗನ ಸರದಿ. ಅವನಿಗೆ ಎಂಜಿನಿಯರಿಂಗೋ ಇನ್ನೇನೋ ಗೊತ್ತಿಲ್ಲ, ಹಾಗಾಗಿ ಯಾವ ಪದವಿಗಾದರೂ ಬೇಕಾಗುವ ಇತಿಹಾಸದಿಂದ ಆರಂಭಿಸಿದ್ದೇವೆ. ಪರೀಕ್ಷೆ ಮುಂದಿನ ವಸಂತದಲ್ಲಿ. ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡು 1820ರ ಮಿಸೌರಿ ಒಪ್ಪಂದದ ಗೆರೆಯನ್ನು ಕೆಂಪು ಪೆನ್ಸಿಲಿನಲ್ಲಿ ಎಳೆದಿದ್ದಾನೆ. ಭಾನುವಾರ ಮಾವನವರು ವಿಡಿಯೊ ಕರೆಯಲ್ಲಿ ಅದನ್ನು ಕಂಡು, ಗೆರೆಯ ಯಾವ ಕಡೆ ಗುಲಾಮಗಿರಿಗೆ ಅನುಮತಿ ಇತ್ತು, ಮಿಸೌರಿಗೆ ಮಾತ್ರ ವಿನಾಯಿತಿ ಏಕೆ ಎಂದು ಒಂದೊಂದೇ ಪ್ರಶ್ನೆ ಕೇಳುತ್ತ ಮುಕ್ಕಾಲು ಗಂಟೆ ಕುಳಿತಿದ್ದರು.