ಗ್ರಿಡ್‌ಗೆ ಕೂರಿಸಿ ಕೆಡಿಸಿದ ಏಳು ನಿಮಿಷ

ಕೆಲವು ವರ್ಷಗಳ ಹಿಂದೆ, ನಾನು ಮಿಕ್ಸಿಂಗ್ ಎಂಜಿನಿಯರ್ ಆಗಿದ್ದ ಸ್ಟುಡಿಯೋಗೆ ಸಿಂಥ್-ಪಾಪ್ ತಂಡವೊಂದು ಏಳು ನಿಮಿಷದ ಹಾಡನ್ನು ತಂದಿತ್ತು. ಸೀಕ್ವೆನ್ಸರ್‌ನಲ್ಲಿ (ಮೊದಲೇ ತುಂಬಿಟ್ಟ ಸ್ವರಗಳನ್ನು ತಾನಾಗಿ ನುಡಿಸುವ ಯಂತ್ರ) ಓಡುವ ಬೇಸ್, ಎರಡು ಸಿಂಥಸೈಜರ್, ಒಂದು ಹೆಣ್ಣುದನಿ. ಇವೆಲ್ಲದರ ಅಡಿಯಲ್ಲಿ ಮೊದಲಿನಿಂದ ಕೊನೆಯವರೆಗೂ ಬದಲಾಗದ ಒಂದೇ ಡ್ರಮ್ಸ್ ನಡೆ. ನಾಲ್ಕು ಎಣಿಕೆಯ ಪ್ರತಿ ಬಾರ್‌ನಲ್ಲಿ ಎರಡು ಮತ್ತು ನಾಲ್ಕನೆಯ ಎಣಿಕೆಗೆ ಚುರುಕು ದನಿಯ ಸ್ನೇರ್ ಡ್ರಮ್, ಉಳಿದೆಡೆ ಒತ್ತೊತ್ತಾಗಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಾದ ಕಿಕ್, ಮೇಲೆ ಬಿಡುವಿಲ್ಲದ ಹೈ-ಹ್ಯಾಟ್ ತಾಳದ ಜೋಡಿ.

ಈ ನಡೆ ಜರ್ಮನಿಯದು. ಡ್ಯುಸೆಲ್‌ಡಾರ್ಫ್‌ನ ‘ನೊಯ್!’ ಜೋಡಿಯಾದ ಕ್ಲೌಸ್ ಡಿಂಗರ್ ಮತ್ತು ಮಿಖಾಯೆಲ್ ರೋಟರ್, ನಿರ್ಮಾಪಕ ಕಾನಿ ಪ್ಲಾಂಕ್ ಜೊತೆಗೂಡಿ ಧ್ವನಿಮುದ್ರಿಸಿ 1972ರಲ್ಲಿ ಹೊರತಂದ ಮೊದಲ ಆಲ್ಬಮ್ಮು ‘ಹಾಲೊಗಾಲೊ’ ಎಂಬ ಹತ್ತು ನಿಮಿಷದ ವಾದ್ಯಕೃತಿಯಿಂದ ಆರಂಭವಾಗುತ್ತದೆ. ಅದರಲ್ಲಿ ಡಿಂಗರ್ ಬಾರಿಸಿದ್ದು ಇದನ್ನೇ. ಮುಂದೆ ಇದಕ್ಕೆ ‘ಮೋಟೊರಿಕ್’ ಎಂಬ ಹೆಸರು ಬಿದ್ದಿತಾದರೂ, ಯಂತ್ರವನ್ನು ನೆನಪಿಸುವ ಆ ಹೆಸರು ಡಿಂಗರ್‌ಗೆ ಹಿಡಿಸಲಿಲ್ಲ.

ನನಗೆ ಇದೆಲ್ಲ ಗೊತ್ತಿತ್ತು, ಆದರೂ ಎಡವಿದೆ. ಮೃದಂಗ ಕೇಳಿ ಬೆಳೆದ ಕಿವಿಗೆ ಮುಕ್ತಾಯವಿಲ್ಲದ ತಾಳವಾದ್ಯ ಅರ್ಧಕ್ಕೇ ನಿಂತ ಮಾತಿನಂತೆ ಕೇಳುತ್ತದೆ. ಹಾಗಾಗಿ ಪ್ರತಿ ಹದಿನಾರು ಬಾರ್‌ಗೊಮ್ಮೆ ಅದೇ ಹಾಡಿನ ಬೇರೆ ಟೇಕ್‌ಗಳಿಂದ ಕ್ರ್ಯಾಶ್ (ದೊಡ್ಡ ಸಿಂಬಲ್ಲಿನ ಸಿಡಿತ) ಮತ್ತು ಫಿಲ್ (ಭಾಗಗಳ ನಡುವೆ ತುಂಬುವ ಸಣ್ಣ ಉರುಳಿಕೆ) ತಂದು ಸೇರಿಸಿ, ಡ್ರಮ್ಸ್‌ನ ಎಲ್ಲ ಪೆಟ್ಟುಗಳನ್ನೂ ಗ್ರಿಡ್‌ಗೆ, ಅಂದರೆ ಕಂಪ್ಯೂಟರ್ ಗುರುತಿಸಿದ ಕರಾರುವಾಕ್ಕಾದ ಎಣಿಕೆಗೆರೆಗಳಿಗೆ, ಕೂರಿಸಿ, ಎರಡು ದಿನ ದುಡಿದು ಕಳಿಸಿದೆ. ಮರುದಿನ ಡ್ರಮ್ಮರ್ ಫೋನ್ ಮಾಡಿ, ಹಾಡು ಶಟಲ್ ಬಸ್ಸಿನ ಹಾಗೆ ಪ್ರತಿ ಸ್ಟಾಪಿನಲ್ಲೂ ನಿಂತು ಹೊರಡುತ್ತಿದೆ ಎಂದರು.

ಮೂಲ ಟೇಕ್ ಮತ್ತು ನನ್ನ ಮಿಕ್ಸ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ ಅವರ ಮಾತು ಸರಿಯೆನಿಸಿತು. ಈ ಸಂಗೀತದಲ್ಲಿ ಡ್ರಮ್ಸ್ ಮಾಡುವುದು ಮೃದಂಗದ ಕೆಲಸವಲ್ಲ, ತಂಬೂರಿಯ ಕೆಲಸ: ಅದು ಬದಲಾಗದೆ ನಿಂತಾಗಲೇ ಮೇಲಿನ ಸಣ್ಣ ಬದಲಾವಣೆಯೂ ಕಿವಿಗೆ ಬೀಳುತ್ತದೆ, ಪ್ರತಿ ಕ್ರ್ಯಾಶೂ ಒಂದು ಭಾಗ ಮುಗಿಯಿತೆಂದು ಸಾರಿ ಓಟವನ್ನು ಮುರಿಯುತ್ತದೆ. ಸೀಕ್ವೆನ್ಸರ್ ಮೊದಲೇ ಕರಾರುವಾಕ್ಕು. ಅದರ ಮೇಲೆ ಮನುಷ್ಯನ ಕೈ ಕೂದಲೆಳೆಯಷ್ಟು ಹಿಂದುಮುಂದಾಗುವುದರಿಂದಲೇ ಹಾಡಿಗೆ ಎಳೆತ ಬಂದಿತ್ತು, ನಾನು ಅದನ್ನೇ ಅಳಿಸಿದ್ದೆ.

ಅದೃಷ್ಟಕ್ಕೆ ಮೂಲ ಟೇಕನ್ನು ಬೇರೆ ಫೋಲ್ಡರ್‌ನಲ್ಲಿ ಉಳಿಸಿದ್ದೆ. ಅದನ್ನೇ ಮರಳಿ ತಂದು, ನಿಜವಾಗಿಯೂ ತಪ್ಪಿದ್ದ ಎರಡು ಪೆಟ್ಟುಗಳನ್ನಷ್ಟೇ ಸರಿಪಡಿಸಿದೆ. ಕಿಕ್ ಮತ್ತು ಬೇಸ್ ಎರಡೂ ಒಂದೇ ತಗ್ಗು ಆವರ್ತನಗಳಲ್ಲಿ ಗುದ್ದಾಡುತ್ತಿದ್ದುದರಿಂದ ಕಿಕ್‌ನ ದನಿಯ ಅಡಿಭಾಗವನ್ನು ಸ್ವಲ್ಪ ಕತ್ತರಿಸಿ ಆ ಜಾಗವನ್ನು ಬೇಸ್‌ಗೆ ಬಿಟ್ಟುಕೊಟ್ಟೆ. ಏರಿಕೆ ಬೇಕಿದ್ದಲ್ಲಿ ಡ್ರಮ್ಸ್ ಮುಟ್ಟದೆ, ಎರಡನೆಯ ಸಿಂಥ್‌ನ ದನಿಯ ಹೊಳಪನ್ನು ತಡೆದಿಡುವ ಫಿಲ್ಟರನ್ನು ನಾಲ್ಕು ನಿಮಿಷಗಳುದ್ದಕ್ಕೂ ನಿಧಾನವಾಗಿ ತೆರೆದೆ. ಒಂದೇ ಮಧ್ಯಾಹ್ನದಲ್ಲಿ ಮುಗಿದ ಈ ಮಿಕ್ಸನ್ನು ತಂಡ ಒಪ್ಪಿತು. ಹಿಂದಿನ ಎರಡು ದಿನಗಳ ದುಡಿಮೆಯನ್ನು ನಾನು ಬಿಲ್ಲಿಗೆ ಸೇರಿಸಲಿಲ್ಲ.