ಹಾಸ್ಟೆಲಿನ ಕೊನೆಯ ಕೋಣೆಯಲ್ಲಿ ಕೇಳಿದ ಜಾಝ್

1999ರಿಂದ 2003ರವರೆಗೆ ನಾನು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದೆ. ಮೆಕ್ಯಾನಿಕಲ್ ವಿಭಾಗದ ಹುಡುಗ ಎಂದರೆ ಯಾರಿಗೂ ನೆನಪಾಗಲಿಕ್ಕಿಲ್ಲ. ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳುತ್ತಿದ್ದವನು ಎಂದರೆ ಆ ಕಾಲದ ಗೆಳೆಯರಿಗೆ ತಟ್ಟನೆ ನೆನಪಾದೀತು. ಸೆಮಿಸ್ಟರ್ ರಜೆಯಲ್ಲಿ ಬೆಂಗಳೂರಿಗೆ ಹೋದಾಗಲೆಲ್ಲ ಬ್ರಿಗೇಡ್ ರಸ್ತೆಯಲ್ಲಿ ಕ್ಯಾಸೆಟ್ ಕೊಂಡು ತರುತ್ತಿದ್ದೆ, ಮೆಸ್ ಬಿಲ್ಲಿಗೆಂದು ಮನೆಯಿಂದ ಬಂದ ಹಣದಲ್ಲಿ ಒಂದಿಷ್ಟು ಅದಕ್ಕೇ ಹೋಗುತ್ತಿತ್ತು.

ಆ ಸಂಗೀತವನ್ನು ಬರಿಯ ಗದ್ದಲವೆಂದು ತಳ್ಳಿಹಾಕುವವರ ಮಾತನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ರಿಫ್ ಎಂದು ಕರೆಯುವ ಪುಟ್ಟ ಸ್ವರಗುಚ್ಛವೊಂದು ಮತ್ತೆ ಮತ್ತೆ ಮರಳಿ ಬರುತ್ತ, ಪ್ರತಿ ಸಲವೂ ಇನ್ನಷ್ಟು ಭಾರವಾಗುತ್ತ, ಕೊನೆಗೆ ಕೇಳುವವನ ಎದೆಯ ಮೇಲೆಯೇ ಕುಳಿತುಬಿಡುವ ಅನುಭವ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಜಾಝ್ ಎಂದರೆ ದೊಡ್ಡ ಹೋಟೆಲುಗಳಲ್ಲಿ ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಹಾಕುವ ಮೆಲುದನಿಯ ಸಂಗೀತ ಎಂದಷ್ಟೇ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ಕದಲಿಸಿದವರು ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಕಂಪಿಸುವ ತಂತಿಯ ಪಾಠ ಮಾಡುವಾಗ, ತಂತಿಯ ಬಿಗಿತ ಕಡಿಮೆಯಾದರೆ ಶ್ರುತಿ ಇಳಿಯುತ್ತದೆ ಎಂಬುದಕ್ಕೆ ನಾನು ಬ್ಲ್ಯಾಕ್ ಸಬ್ಬತ್ ಎಂಬ ಮೆಟಲ್ ತಂಡದ ಗಿಟಾರಿನ ಉದಾಹರಣೆ ಕೊಟ್ಟೆ. ತರಗತಿ ಮುಗಿದ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡು, "ಆ ಹುಡುಗ ತಂತಿ ಸಡಿಲ ಮಾಡಿಕೊಂಡದ್ದು ಯಾಕೆ ಅಂತ ಗೊತ್ತೇನಪ್ಪ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಆ ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮಿನ ಲೋಹದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ, ಹದಿನೇಳರ ವಯಸ್ಸಿನಲ್ಲಿ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದರು. ಎಡಗೈಯಿಂದ ಮೀಟುವ ಅವರಿಗೆ ತಂತಿ ಒತ್ತಲು ಬೇಕಾದದ್ದು ಆ ಬೆರಳುಗಳೇ. "ಸರಿ, ಆಮೇಲೆ ಅವನು ಯಾರನ್ನು ಕೇಳಿ ಮತ್ತೆ ಗಿಟಾರ್ ಹಿಡಿದ?" ಎಂದರು. ಅದು ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ಅವರ ಕ್ವಾರ್ಟರ್ಸಿನಲ್ಲಿ ಜಾಂಗೋ ರೈನ್‌ಹಾರ್ಟ್ ಅವರ ಗಿಟಾರನ್ನು ಮೊದಲ ಸಲ ಕೇಳಿದೆ. 1928ರಲ್ಲಿ ತಮ್ಮ ಗಾಡಿಮನೆಗೆ ಬೆಂಕಿ ಬಿದ್ದು, ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಸುಟ್ಟು ಹೆಚ್ಚುಕಡಿಮೆ ನಿಷ್ಕ್ರಿಯವಾದ ಮೇಲೆ, ಉಳಿದ ಎರಡು ಬೆರಳುಗಳಿಗೇ ಹೊಸ ಕ್ರಮವನ್ನು ಕಲಿಸಿಕೊಂಡು, ಪ್ಯಾರಿಸ್ಸಿನಲ್ಲಿ ಜಾಝ್ ಲೋಕದ ದೊಡ್ಡ ಹೆಸರಾದವರು ಅವರು. ನಿರಾಶೆಯಲ್ಲಿದ್ದ ಐಯೋಮಿಗೆ ಕಾರ್ಖಾನೆಯ ಫೋರ್ಮನ್ ತಂದು ಕೇಳಿಸಿದ್ದು ಅವರದೇ ರೆಕಾರ್ಡು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ತೆಳುವಾದ ತಂತಿಗಳನ್ನು ಹಾಕಿಕೊಂಡು, ಮುಂದೆ ಅವನ್ನು ಸಡಿಲಿಸಿಕೊಂಡು ಐಯೋಮಿ ನುಡಿಸಿದರು. ನನ್ನ ಎದೆಯ ಮೇಲೆ ಕೂರುತ್ತಿದ್ದ ಆ ಭಾರದ ಹಿಂದೆ ಒಬ್ಬ ಜಾಝ್ ವಾದಕನಿಂದ ಬಂದ ಧೈರ್ಯವಿತ್ತು ಎಂಬುದು ಆ ರಾತ್ರಿ ನನ್ನನ್ನು ನಿದ್ದೆಗೆಡಿಸಿತು.

ಹಾಗೆಂದು ಜಾಝ್ ಒಮ್ಮೆಲೇ ಒಲಿಯಲಿಲ್ಲ. ಮೇಷ್ಟ್ರು ಕೊಟ್ಟ ಕ್ಯಾಸೆಟ್ಟುಗಳಲ್ಲಿ ತಾಳ ಎಲ್ಲಿದೆ ಎಂಬುದೇ ನನಗೆ ಹಿಡಿಯುತ್ತಿರಲಿಲ್ಲ. ಅದನ್ನು ಹಿಡಿದುಕೊಟ್ಟವನು ನನ್ನ ಕೋಣೆಯ ಸಂಗಾತಿ. ತೀರ್ಥಹಳ್ಳಿ ಕಡೆಯವನಾದ ಅವನು ಚಿಕ್ಕಂದಿನಿಂದ ಮೃದಂಗ ಕಲಿತಿದ್ದ. ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ತಂಡದ 1959ರ ಐದು ಮಾತ್ರೆಯ ಪ್ರಸಿದ್ಧ ರಚನೆಯನ್ನು ಹಾಕಿದಾಗ, ಓದುತ್ತಿದ್ದ ಪುಸ್ತಕವನ್ನು ಮಡಚಿಟ್ಟು, "ಮಾರಾಯ, ಇದು ನಮ್ಮ ಖಂಡ ಛಾಪು ತಾಳ ಕಣೋ! ನಮ್ಮಲ್ಲಿ ಎರಡು, ಮೂರು, ಇವರು ಮೂರು, ಎರಡು ಮಾಡ್ಕೊಂಡಿದಾರೆ" ಎಂದ. ಜಾಝಿನ ನಡೆಯನ್ನೂ ಅವನೇ ಬಿಡಿಸಿ ಹೇಳಿದ: ಮೂರು ಮಾತ್ರೆಯ ತಿಶ್ರದ 'ತಕಿಟ'ದಲ್ಲಿ ನಡುವಿನ 'ಕಿ'ಯನ್ನು ಮೌನವಾಗಿಸಿ ಉಳಿದೆರಡನ್ನು ನುಡಿಸಿದರೆ ಹೇಗೋ ಹಾಗೆ ಆ ತೂಗಾಟ ಹುಟ್ಟುತ್ತದೆ. ಮೆಟಲ್ ಸಂಗೀತದಲ್ಲಿ ಕಾಲಿನಡಿಯ ದೊಡ್ಡ ಡ್ರಮ್ಮು ಹೊರುವ ಕಾಲಪ್ರಮಾಣದ ಹೊಣೆಯನ್ನು ಜಾಝ್ ವಾದಕರು ಬಲಗೈಯಿಂದ ಬಡಿಯುವ ರೈಡ್ ಸಿಂಬಲ್ ಎಂಬ ಲೋಹದ ತಟ್ಟೆಗೆ ಒಪ್ಪಿಸಿರುತ್ತಾರೆ. 1940ರ ಆಸುಪಾಸಿನಲ್ಲಿ ಕೆನ್ನಿ ಕ್ಲಾರ್ಕ್ ಮುಂತಾದ ಜಾಝ್ ಡ್ರಮ್ಮರುಗಳು ಮಾಡಿದ ಈ ಬದಲಾವಣೆಯಿಂದ ದೊಡ್ಡ ಡ್ರಮ್ಮು ಮಾತಿನ ನಡುವೆ ಮಾತಾಡಲು ಸ್ವತಂತ್ರವಾಯಿತು. ನಾನು ಅದುವರೆಗೆ ತಾಳವನ್ನು ನೆಲದಲ್ಲಿ ಹುಡುಕುತ್ತಿದ್ದೆ. ಅದು ಮೇಲೆ, ಕಂಚಿನ ತಟ್ಟೆಯ ಮೇಲಿತ್ತು.

ಅಷ್ಟಾದ ಮೇಲೆ ಕೇಳಿದ್ದು ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1964ರ ಡಿಸೆಂಬರ್ 9ರಂದು ತಮ್ಮ ನಾಲ್ವರ ತಂಡದೊಂದಿಗೆ ನ್ಯೂಜೆರ್ಸಿಯಲ್ಲಿ ಧ್ವನಿಮುದ್ರಿಸಿದ 'ಎ ಲವ್ ಸುಪ್ರೀಮ್'. ಜಾಗಟೆಯ ಸದ್ದು, ಸ್ಯಾಕ್ಸೊಫೋನಿನ ಕರೆ, ಅದರ ಬೆನ್ನಿಗೆ ಜಿಮ್ಮಿ ಗ್ಯಾರಿಸನ್ ಅವರ ಬಾಸ್ ತಂತಿಗಳಲ್ಲಿ ನಾಲ್ಕೇ ಸ್ವರಗಳ ಒಂದು ತುಣುಕು. ನನಗೆ ಮೈ ಜುಮ್ಮೆಂದಿತು, ಏಕೆಂದರೆ ಅದು ರಿಫ್. ನಾನು ಪ್ರೀತಿಸುತ್ತಿದ್ದ ಎಲ್ಲವೂ ಆ ನಾಲ್ಕು ಸ್ವರಗಳಲ್ಲಿತ್ತು. ಆದರೆ ಮೆಟಲ್‌ನಲ್ಲಿ ರಿಫ್ ಬಂಡೆಯಂತೆ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಕೋಲ್ಟ್ರೇನ್ ಮೊದಲ ಭಾಗದ ಕೊನೆಗೆ ಬರುವ ಹೊತ್ತಿಗೆ ಅದೇ ತುಣುಕನ್ನು ಎತ್ತಿಕೊಂಡು, ಆಧಾರ ಶ್ರುತಿಯನ್ನೇ ಬದಲಿಸುತ್ತ ಬದಲಿಸುತ್ತ ಹನ್ನೆರಡೂ ಸ್ಥಾನಗಳಲ್ಲಿ ಸುತ್ತಿಸಿ, ಕೊನೆಗೆ ವಾದ್ಯವನ್ನು ಕೆಳಗಿಟ್ಟು ತಮ್ಮ ದನಿಯಲ್ಲೇ ಅದನ್ನು ಜಪಿಸುತ್ತಾರೆ. ಹಿಂದೆ ಎಲ್ವಿನ್ ಜೋನ್ಸ್ ಅವರ ಡ್ರಮ್ಮು ಮೂರು ಮೂರರ ಅಲೆಗಳಾಗಿ ಉರುಳುತ್ತಲೇ ಇರುತ್ತದೆ. ಅಷ್ಟು ಬಿರುಸಾದ ನುಡಿಸಾಣಿಕೆಯನ್ನು ನಾನು ಯಾವ ಮೆಟಲ್ ತಂಡದಲ್ಲೂ ಕೇಳಿರಲಿಲ್ಲ, ಮತ್ತು ಆ ಬಿರುಸಿನಲ್ಲಿ ಸಿಟ್ಟೆಂಬುದೇ ಇರಲಿಲ್ಲ. ನಾವಿಬ್ಬರೂ ಮಾತಿಲ್ಲದೆ ಕುಳಿತಿದ್ದೆವು. ಕ್ಯಾಸೆಟ್ಟಿನ ಬದಿ ಮುಗಿದದ್ದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು.

ಹಳೆಯ ಕ್ಯಾಸೆಟ್ಟುಗಳನ್ನು ನಾನು ಯಾರಿಗೂ ಕೊಡಲಿಲ್ಲ. ಬದಲಾಗಿ, ಅವನ್ನೇ ಮತ್ತೆ ಹಾಕಿ ಕೇಳಿದಾಗ ಸಬ್ಬತ್ ತಂಡದ ಡ್ರಮ್ಮರ್ ಬಿಲ್ ವಾರ್ಡ್ ಅವರ ಕೈಯಲ್ಲಿ ಜಾಝಿನ ತೂಗಾಟ ಎಷ್ಟಿದೆ ಎಂಬುದು ಕೇಳಿಸತೊಡಗಿತು. ಅವರು ಜೀನ್ ಕ್ರೂಪಾ ಅವರಂಥ ಜಾಝ್ ಡ್ರಮ್ಮರುಗಳನ್ನು ಮೆಚ್ಚಿ ಬೆಳೆದವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ಹೊರತಂದ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಅನಂತರ ನನಗೆ ಹುಡುಕಿಕೊಟ್ಟವನೂ ಆ ಮೃದಂಗದ ಗೆಳೆಯನೇ. ಆ ತಂಡದ ಗಾಯಕಿ ಆರ್.ಎ. ರಮಾಮಣಿಯವರ ದನಿಗೆ ಆ ಸ್ಯಾಕ್ಸೊಫೋನು ಬಾಗಿ ಬಾಗಿ ಉತ್ತರಿಸುವುದನ್ನು ಕೇಳಿದವರಿಗೇ ಅದರ ಸೊಗಸು ತಿಳಿಯುತ್ತದೆ.

2007ರ ಮಾರ್ಚ್ 17ರಂದು ಐರನ್ ಮೇಡನ್ ಎಂಬ ಮೆಟಲ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವಿಬ್ಬರೂ ಒಟ್ಟಿಗೆ ಹೋದೆವು. ಅವರ ಡ್ರಮ್ಮರ್ ನಿಕೊ ಮೆಕ್‌ಬ್ರೈನ್ ಬಾಲ್ಯದಲ್ಲಿ ಡ್ರಮ್ಮಿನತ್ತ ತಿರುಗಿದ್ದು ಜೋ ಮೊರೆಲ್ಲೊ ಅವರನ್ನು ನೋಡಿ. ನಮ್ಮ ಕೋಣೆಯಲ್ಲಿ ಖಂಡ ಛಾಪೆಂದು ಗುರುತಿಸಿದ ಆ ಐದು ಮಾತ್ರೆಯನ್ನು ನುಡಿಸಿದವರು ಅದೇ ಮೊರೆಲ್ಲೊ. ಸುತ್ತಲಿನ ಸಾವಿರಾರು ಜನ ಕೂಗುತ್ತಿದ್ದರು, ನಾನೂ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಡ್ರಮ್ಮುಗಳ ಕೋಟೆಯ ಹಿಂದೆ ಮೆಕ್‌ಬ್ರೈನ್ ಕಾಣುತ್ತಲೇ ಇರಲಿಲ್ಲ. ರೈಡ್ ಸಿಂಬಲ್ಲಿನ ಸದ್ದು ಮಾತ್ರ ಎಲ್ಲದರ ಮೇಲೆ ತೇಲಿ ಬರುತ್ತಿತ್ತು. ಗೆಳೆಯ ನನ್ನ ಹೆಗಲ ಮೇಲೆ ಕೈಯಿಟ್ಟು ಬೆರಳಿನಿಂದ ಅದನ್ನೇ ತಟ್ಟುತ್ತಿದ್ದ.